ಹಳಿಯ ಬದಿಯ ಒಂದು ಸುಳ್ಳು

ನನ್ನ ದೊಡ್ಡ ಮಾಮು ಬೀರೂರು–ಶಿವಮೊಗ್ಗ ರೈಲು ಮಾರ್ಗದಲ್ಲಿ ಗ್ಯಾಂಗ್‌ಮನ್ ಆಗಿದ್ದರು. ತರೀಕೆರೆಯ ಆಚೆಗೆ ಅವರ ಪಾಲಿನ ಹಳಿ. ಬೆಳಗಿನ ಜಾವ ಹೆಗಲಿಗೆ ಸುತ್ತಿಗೆ ಏರಿಸಿ, ಒಂದು ಕೈಯಲ್ಲಿ ಉದ್ದನೆಯ ಸ್ಪ್ಯಾನರ್ ಹಿಡಿದು, ಕೆಂಪು ಹಸಿರು ಬಾವುಟಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟರೆ ಮನೆಗೆ ಬರುವುದು ಅಸರ್ ನಮಾಜಿನ ಹೊತ್ತಿಗೆ. ಕೈಚೀಲದಲ್ಲಿ ರೊಟ್ಟಿಯ ಡಬ್ಬಿಯ ಪಕ್ಕದಲ್ಲೇ ನಾಲ್ಕೈದು ಪಟಾಕಿಗಳು. ಹಳಿ ಒಡೆದದ್ದು ಕಂಡರೆ ದೂರಕ್ಕೆ ಓಡಿ ಹೋಗಿ ಅವನ್ನು ಹಳಿಯ ಮೇಲೆ ಕಟ್ಟಬೇಕು. ಎಂಜಿನ್ನಿನ ಚಕ್ರ ಹತ್ತಿದೊಡನೆ ಅವು ಸಿಡಿದು ಡ್ರೈವರನಿಗೆ ಎಚ್ಚರಿಕೆ ಸಿಗುತ್ತದೆ. ಚಿಕ್ಕವನಿದ್ದಾಗ ಉರ್ದು ಶಾಲೆಯ ಪ್ರಬಂಧಕ್ಕೆಂದು ಅವರನ್ನು ಕೇಳಿದ್ದೆ: 'ಮಾಮು, ನಿಮ್ಮ ಕೆಲಸ ಏನು?' ಅವರು ಒಂದೇ ಮಾತು ಹೇಳಿದ್ದರು: 'ದೇಖ್ನಾ.' ನೋಡುವುದು. ಮೇಷ್ಟ್ರು ಅದನ್ನು ಹೊಡೆದು ಹಾಕಿ 'ರೈಲ್ವೆ ಮುಲಾಜಿಮ್' ಎಂದು ತಿದ್ದಿದರು.

ಇಂಗ್ಲೆಂಡಿನ ನಿರ್ದೇಶಕ ಕೆನ್ ಲೋಚ್ 2001ರಲ್ಲಿ ತೆಗೆದ 'ದಿ ನ್ಯಾವಿಗೇಟರ್ಸ್' ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು 2007ರಲ್ಲಿ, ಗೆಳೆಯರೊಬ್ಬರು ಕೊಟ್ಟ ಡಿಸ್ಕಿನಲ್ಲಿ. ಆಗ ಮಾಮು ನಿವೃತ್ತರಾಗಿ ನಮ್ಮ ಮನೆಗೆ ಬಂದಿದ್ದರು. ರೈಲ್ವೆಯವರ ಚಿತ್ರ ಎಂದಾಗ ಕುರ್ಚಿ ಎಳೆದುಕೊಂಡು ಕುಳಿತರು. ಅವರಿಗೆ ಇಂಗ್ಲಿಷ್ ಬಾರದು. ಬರುತ್ತದೆ ಎಂದುಕೊಂಡಿದ್ದ ನನಗೂ ಆ ಯಾರ್ಕ್‌ಶೈರ್ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ಈಚೆಗೆ ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಕಾರಣವಿದೆ. ಖಾಸಗಿಯವರಿಗೆ ಕೊಟ್ಟ ರೈಲುಗಳನ್ನು ಸರ್ಕಾರ ಮರಳಿ ಪಡೆಯಲು ಬ್ರಿಟನ್ 2024ರಲ್ಲಿ ಕಾಯ್ದೆ ಮಾಡಿತು. ಅದರ ಪ್ರಕಾರ ಮೊದಲು ಮರಳಿದ್ದು ಸೌತ್ ವೆಸ್ಟರ್ನ್ ರೈಲ್ವೆ, 2025ರ ಮೇ 25ರಂದು. ಕೊಟ್ಟದ್ದು ಹೇಗೆ, ಕೊಟ್ಟಾಗ ಕಳೆದದ್ದು ಏನು ಎಂಬುದನ್ನು ತಿಳಿಯಲು ಅಂಕಿಅಂಶದ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಹಳಿಯ ಮೇಲೆ ನಿಂತವನ ಕಣ್ಣಿನಿಂದ ಅದನ್ನು ನೋಡಿದ ಕೃತಿಗಳು ಕಡಿಮೆ. ಈ ಚಿತ್ರ ಅಂಥದ್ದು. ಅದರಲ್ಲಿ ದೋಷಗಳೂ ಇವೆ. ಎರಡರ ಬಗ್ಗೆಯೂ ಹೇಳಬೇಕು.

ಮೊದಲು ಹೆಸರು. ನ್ಯಾವಿಗೇಟರ್ ಎಂದರೆ ಹಡಗಿಗೆ ದಾರಿ ತೋರುವವನು ಎಂದು ನಾವು ತಿಳಿಯುತ್ತೇವೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ದೋಣಿಗಳಿಗಾಗಿ ಕಾಲುವೆ ತೋಡಿದ ಕೂಲಿಗಳನ್ನು ಹಾಗೆ ಕರೆಯುತ್ತಿದ್ದರು. ಮುಂದೆ ಅದೇ ಜನ, ಅವರ ಮಕ್ಕಳು ರೈಲು ಹಾಸಿದರು, ಹೆಸರು ತುಂಡಾಗಿ 'ನ್ಯಾವಿ' ಆಯಿತು. ಹಾರೆ ಗುದ್ದಲಿ ಹಿಡಿದವನಿಗೆ ದಾರಿ ತೋರುವವನ ಹೆಸರು. ಲೋಚ್ ಮತ್ತು ಚಿತ್ರಕಥೆಗಾರ ರಾಬ್ ಡಾಬರ್ ಅದನ್ನು ಬೇಕೆಂದೇ ಆರಿಸಿಕೊಂಡಿದ್ದಾರೆ.

ಡಾಬರ್ ಬಗ್ಗೆ ಹೇಳದೆ ಚಿತ್ರದ ಬಗ್ಗೆ ಹೇಳುವುದು ಸರಿಯಲ್ಲ. ಆತ ವೃತ್ತಿಯಿಂದ ಲೇಖಕನಲ್ಲ. ಬ್ರಿಟಿಷ್ ರೈಲಿನಲ್ಲಿ ಹದಿನೆಂಟು ವರ್ಷ ದುಡಿದವರು, ಕಾರ್ಮಿಕ ಸಂಘದ ಕಾರ್ಯಕರ್ತ. ಕೆಲಸದ ಜಾಗದಲ್ಲಿ ಕುಡಿದ ಆಸ್ಬೆಸ್ಟಾಸ್ ಧೂಳಿನಿಂದ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಬಂತು. ನ್ಯಾಯಾಲಯಕ್ಕೆ ಹೋಗಿ ಪರಿಹಾರ ಗೆದ್ದರು. ಲೋಚ್‌ಗೆ ತಮ್ಮ ಅನುಭವ ಬರೆದು ಕಳಿಸಿದರು, ಅದು ಚಿತ್ರವಾಯಿತು. ಚಿತ್ರ ವೆನಿಸ್ ಉತ್ಸವದಲ್ಲಿ ತೆರೆ ಕಾಣುವ ಮೊದಲೇ, ಅದೇ 2001ರ ಆರಂಭದಲ್ಲಿ ತೀರಿಕೊಂಡರು. ಕಾರ್ಮಿಕರ ಬಗ್ಗೆ ಬರೆಯುವ ನಮ್ಮಂಥವರು ಬೆವರು, ಹಸಿವು, ಶೋಷಣೆ ಎಂಬ ಮೂರು ನಾಲ್ಕು ಶಬ್ದಗಳಲ್ಲಿ ಕೆಲಸ ಮುಗಿಸುತ್ತೇವೆ. ಡಾಬರ್ ಬರೆದದ್ದರಲ್ಲಿ ಬೆವರಿಗಿಂತ ಹೆಚ್ಚಾಗಿ ಇರುವುದು ಚಹಾ, ಕೀಟಲೆ ಮತ್ತು ನಿಯಮಪುಸ್ತಕ. ಕೆಲಸ ಗೊತ್ತಿದ್ದವನಿಗೆ ಮಾತ್ರ ಹೊಳೆಯುವ ಸಂಗತಿಗಳು ಇವು.

ಕಥೆ ನಡೆಯುವುದು 1995ರಲ್ಲಿ, ಶೆಫೀಲ್ಡ್ ಊರಿನ ಒಂದು ಡಿಪೋದಲ್ಲಿ. ಜಾನ್ ಮೇಜರ್ ಸರ್ಕಾರ 1993ರಲ್ಲಿ ಮಾಡಿದ ಕಾಯ್ದೆಯಿಂದ ಬ್ರಿಟಿಷ್ ರೈಲು ನೂರರಷ್ಟು ಕಂಪನಿಗಳಾಗಿ ಒಡೆದಿದೆ. ಹಳಿ ಒಬ್ಬರದು, ರೈಲು ಓಡಿಸುವವರು ಇನ್ನೊಬ್ಬರು, ಬೋಗಿಯ ಮಾಲೀಕರು ಮತ್ತೊಬ್ಬರು, ಹಳಿ ರಿಪೇರಿಯ ಗುತ್ತಿಗೆ ಮಗುದೊಬ್ಬರಿಗೆ. ಒಂದು ಬೆಳಿಗ್ಗೆ ಗ್ಯಾಂಗಿನವರು ಬಂದು ನೋಡಿದರೆ ಡಿಪೋದ ಬೋರ್ಡು ಬದಲಾಗಿದೆ. ಈಗ ಅವರು ಈಸ್ಟ್ ಮಿಡ್‌ಲ್ಯಾಂಡ್ಸ್ ಇನ್‌ಫ್ರಾಸ್ಟ್ರಕ್ಚರ್ ಎಂಬ ಕಂಪನಿಯ ನೌಕರರು. ಅದೇ ಕೋಣೆ, ಅದೇ ಕೆಟಲ್, ಅದೇ ಬೆಂಚು. ಹೊಸ ಆಡಳಿತದ ವೀಡಿಯೋ ತೋರಿಸುತ್ತಾರೆ, ಹೊಸ ಧ್ಯೇಯಗಳನ್ನು ಓದಿ ಹೇಳುತ್ತಾರೆ. ಅದರಲ್ಲಿ ಒಂದು: ಸಾವುಗಳ ಸಂಖ್ಯೆ ಒಪ್ಪಬಹುದಾದ ಮಟ್ಟದಲ್ಲಿರಬೇಕು. ಒಪ್ಪಬಹುದಾದದ್ದು ಎಂದರೆ ಎಷ್ಟು ಎಂದು ಗ್ಯಾಂಗಿನವರು ನಗುತ್ತಾ ಕೇಳುತ್ತಾರೆ. ನಾವೂ ನಗುತ್ತೇವೆ. ಚಿತ್ರದ ಅರ್ಧದವರೆಗೆ ಈ ನಗು ನಿಲ್ಲುವುದಿಲ್ಲ. ಲೋಚ್ ಇದಕ್ಕೆ ವೃತ್ತಿಪರ ನಟರಷ್ಟೇ ಸಾಲದೆಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಹಾಡಿ, ಹಾಸ್ಯ ಮಾಡಿ ಬದುಕುವ ಜನರನ್ನು ಕರೆತಂದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹಾಕುವ ಆ ರೀತಿ ಅಭ್ಯಾಸದಿಂದ ಬರುವಂಥದ್ದಲ್ಲ.

ನನಗೆ ಈ ಚಿತ್ರದಲ್ಲಿ ಅತಿ ಭೀಕರ ಎನಿಸಿದ ದೃಶ್ಯದಲ್ಲಿ ಯಾರೂ ಸಾಯುವುದಿಲ್ಲ. ಕಂಪನಿಯ ಅಪ್ಪಣೆಯ ಮೇರೆಗೆ ಗ್ಯಾಂಗಿನವರು ಚೆನ್ನಾಗಿರುವ ಉಪಕರಣಗಳನ್ನು ತಾವೇ ಒಡೆದು ಹಾಕುತ್ತಾರೆ. ಕಾರಣ, ಅವು ಪೈಪೋಟಿಯ ಕಂಪನಿಯ ಕೈಗೆ ಸಿಗಬಾರದು. ಆ ಪೈಪೋಟಿಯವರು ಯಾರು? ನಿನ್ನೆಯವರೆಗೆ ಇದೇ ಬ್ರಿಟಿಷ್ ರೈಲಿನ ಇನ್ನೊಂದು ತುಂಡು. ಸಾರ್ವಜನಿಕ ಸ್ವತ್ತು ಎಂಬುದು ಭಾಷಣದಲ್ಲಿ ದೊಡ್ಡ ಶಬ್ದ. ಇಲ್ಲಿ ಅದು ಕಬ್ಬಿಣದ ಸಾಮಾನಾಗಿ ನಮ್ಮ ಕಣ್ಣೆದುರಿಗೆ ಮುರಿಯುತ್ತದೆ. ಮಾಮು ಎದ್ದು ನಿಂತೇ ಬಿಟ್ಟರು. 'ಯಾಕೆ ಒಡೆಯುತ್ತಿದ್ದಾರೆ? ಅದಕ್ಕೆ ಏನಾಗಿದೆ?' ನಾನು ನನಗೆ ತಿಳಿದಷ್ಟು ಹೇಳಿದೆ. ಅವರು ನಂಬಲಿಲ್ಲ. ನಾನು ಇಂಗ್ಲಿಷ್ ತಪ್ಪಾಗಿ ಕೇಳಿಸಿಕೊಂಡಿದ್ದೇನೆ ಎಂದೇ ಅವರ ಅಭಿಪ್ರಾಯವಾಗಿತ್ತು.

ಆಮೇಲೆ ಬರುವುದು ಹಣದ ಆಮಿಷ. ಇಂತಿಷ್ಟು ತೆಗೆದುಕೊಂಡು ತಾವಾಗಿಯೇ ಕೆಲಸ ಬಿಟ್ಟರೆ ಒಳ್ಳೆಯದು, ಆಮೇಲೆ ಇದೇ ಕೊಡುಗೆ ಇರುವುದಿಲ್ಲ. ಸಾಲವಿದ್ದವರು, ಹೆಂಡತಿಯಿಂದ ಬೇರೆಯಾಗಿ ಮಕ್ಕಳ ಖರ್ಚು ಕಟ್ಟಬೇಕಾದವರು, ಒಬ್ಬೊಬ್ಬರಾಗಿ ಸಹಿ ಹಾಕುತ್ತಾರೆ. ಮರುವಾರ ಅದೇ ಹಳಿಯ ಮೇಲೆ ಏಜೆನ್ಸಿಯ ಆಳುಗಳಾಗಿ ಬರುತ್ತಾರೆ. ದಿನದ ಲೆಕ್ಕದಲ್ಲಿ ಕೂಲಿ ಹೆಚ್ಚು. ಕಾಯಿಲೆಯ ರಜೆಗೆ ಸಂಬಳವಿಲ್ಲ, ಹಬ್ಬದ ರಜೆಗೆ ಸಂಬಳವಿಲ್ಲ, ಕರೆ ಬಂದ ದಿನ ಕೆಲಸ, ಬಾರದ ದಿನ ಫೋನಿನ ಮುಂದೆ ಕುಳಿತಿರುವುದು. ಇವರಲ್ಲಿ ಮಿಕ್ ಎಂಬವನು ಕೆಲಸದ ಜಾಗದಲ್ಲಿ ಸುರಕ್ಷತೆಯ ಬಗ್ಗೆ ತಕರಾರು ಎತ್ತುತ್ತಾನೆ. ಅವನಿಗೆ ಬೈಗುಳವಿಲ್ಲ, ನೋಟಿಸಿಲ್ಲ. ಸುಮ್ಮನೆ ಕರೆ ಬರುವುದು ನಿಲ್ಲುತ್ತದೆ. ಗುತ್ತಿಗೆ ಪದ್ಧತಿಯ ಕ್ರೌರ್ಯವನ್ನು ಇಷ್ಟು ತಣ್ಣಗೆ ಹೇಳಿದ ಇನ್ನೊಂದು ಚಿತ್ರ ನನ್ನ ನೆನಪಿನಲ್ಲಿಲ್ಲ. ಕಾಯಂ ನೌಕರನನ್ನು ತೆಗೆಯಬೇಕಾದರೆ ಕಾಗದ ಬೇಕು, ಕಾರಣ ಬೇಕು, ಸಂಘದವನು ಪಕ್ಕದಲ್ಲಿ ಕುಳಿತಿರಬೇಕು. ಗುತ್ತಿಗೆಯವನನ್ನು ತೆಗೆಯಲು ಯಾರೂ ಏನೂ ಮಾಡಬೇಕಾಗಿಲ್ಲ.

ಕೊನೆಯ ಭಾಗ ರಾತ್ರಿಯ ಕೆಲಸ. ಕಾಂಕ್ರೀಟು ಹಾಕಬೇಕು, ಬೆಳಗಾಗುವುದರೊಳಗೆ ಮುಗಿಯಬೇಕು, ಆಳು ಕಡಿಮೆ. ಆ ದೃಶ್ಯ ಶುರುವಾಗಿ ಒಂದೆರಡು ನಿಮಿಷವೂ ಆಗಿರಲಿಲ್ಲ, ಮಾಮು ಕೇಳಿದರು: 'ಬಾವುಟದವನು ಎಲ್ಲಿ?' ನಾನು ಗಮನಿಸಿರಲಿಲ್ಲ. ಹಳಿಯ ಮೇಲೆ ಕೆಲಸ ನಡೆಯುವಾಗ ಒಬ್ಬ ದೂರದಲ್ಲಿ ನಿಂತು ರೈಲು ಬರುವುದನ್ನೇ ನೋಡುತ್ತಿರಬೇಕು. ಅವನು ಗುದ್ದಲಿ ಮುಟ್ಟಬಾರದು, ಬೇರೆ ಕೆಲಸಕ್ಕೆ ಕೈ ಹಾಕಬಾರದು. ನೋಡುವುದೇ ಅವನ ಕೆಲಸ. ಲೆಕ್ಕ ಬರೆಯುವವನ ಕಣ್ಣಿಗೆ ಅವನು ಸುಮ್ಮನೆ ನಿಂತು ಸಂಬಳ ಎಣಿಸುವವನಂತೆ ಕಾಣುತ್ತಾನೆ. ಮೊದಲು ಉಳಿತಾಯವಾಗುವುದು ಅವನೇ. ಚಿತ್ರದಲ್ಲಿ ಆ ರಾತ್ರಿ ಅವನಿಲ್ಲ. ಜಿಮ್ ಎಂಬವನಿಗೆ ರೈಲು ಬಡಿಯುತ್ತದೆ.

ಅಲ್ಲಿಂದ ಮುಂದೆ ಜೊತೆಗಾರರು ಮಾಡುವ ಕೆಲಸವನ್ನು ನೋಡಿ ಕೆಲವು ವಿಮರ್ಶಕರು ಇದು ನಾಟಕೀಯವಾಯಿತು ಎಂದಿದ್ದಾರೆ. ನನಗೆ ಹಾಗನಿಸಲಿಲ್ಲ. ಉಸಿರಾಡುತ್ತಿರುವ ಜಿಮ್‌ನನ್ನು ಅವರು ಹಳಿಯಿಂದ ಎತ್ತಿ ಮೇಲಿನ ರಸ್ತೆಗೆ ಸಾಗಿಸುತ್ತಾರೆ. ಕಾರು ಗುದ್ದಿ ಓಡಿಹೋಯಿತು ಎಂದು ಹೇಳಲು ನಿಶ್ಚಯಿಸುತ್ತಾರೆ. ನಿಜ ಹೇಳಿದರೆ ವಿಚಾರಣೆ ನಡೆಯುತ್ತದೆ, ಬಾವುಟದವನಿಲ್ಲದೆ ಕೆಲಸ ಮಾಡಿದ ತಪ್ಪು ತಮ್ಮ ತಲೆಗೇ ಬರುತ್ತದೆ, ಇನ್ನೆಂದೂ ಕೆಲಸದ ಕರೆ ಬರುವುದಿಲ್ಲ. ಈ ಮಾತಿಗೆ ಹೆಚ್ಚು ಒತ್ತು ಕೊಡುವವನು ಹಿಂದೆ ಸುರಕ್ಷತೆಗಾಗಿ ತಕರಾರು ಎತ್ತಿದ ಅದೇ ಮಿಕ್. ಜಿಮ್ ಸಾಯುತ್ತಾನೆ. ಉರ್ದುವಿನಲ್ಲಿ ಶಹಾದತ್ ಎಂಬ ಒಂದೇ ಶಬ್ದ ಸಾಕ್ಷಿ ಹೇಳುವುದಕ್ಕೂ ಪ್ರಾಣ ಕೊಡುವುದಕ್ಕೂ ಸಲ್ಲುತ್ತದೆ. ಇಲ್ಲಿ ಒಬ್ಬನ ಪ್ರಾಣ ಹೋಗಿದೆ, ಸಾಕ್ಷಿ ಹೇಳಬೇಕಾದವರು ಸುಳ್ಳು ಹೇಳುತ್ತಿದ್ದಾರೆ. ಅವರು ಕೆಟ್ಟವರಲ್ಲ ಎಂಬುದನ್ನು ಒಂದೂವರೆ ಗಂಟೆಯಿಂದ ಅವರ ಜೊತೆ ಚಹಾ ಕುಡಿದ ನಾವು ಬಲ್ಲೆವು. ಖಾಸಗೀಕರಣದಿಂದ ದರ ಏರಿತೇ ಇಳಿಯಿತೇ, ರೈಲು ಹೊತ್ತಿಗೆ ಸರಿಯಾಗಿ ಬಂತೇ ಇಲ್ಲವೇ ಎಂದು ವಾದಿಸುವವರು ವಾದಿಸಲಿ. ಗೆಳೆಯನ ಸಾವಿನ ಬಗ್ಗೆ ಜೊತೆಗಾರರು ಒಟ್ಟಾಗಿ ಸುಳ್ಳು ಹೇಳುವ ಸ್ಥಿತಿ ಬಂತಲ್ಲ, ಡಾಬರ್ ಬರೆದದ್ದು ಅದನ್ನು.

ಇದು ಕಥೆಗಾರನ ಕಲ್ಪನೆ ಎಂದು ತಳ್ಳಿಹಾಕುವ ಹಾಗಿಲ್ಲ. ಚಿತ್ರ ತಯಾರಾಗುತ್ತಿದ್ದ ಕಾಲದಲ್ಲೇ, 2000ದ ಅಕ್ಟೋಬರ್ 17ರಂದು ಲಂಡನ್ನಿನ ಉತ್ತರಕ್ಕಿರುವ ಹ್ಯಾಟ್‌ಫೀಲ್ಡ್ ಬಳಿ ವೇಗದ ರೈಲೊಂದು ಹಳಿ ತಪ್ಪಿ ನಾಲ್ವರು ಸತ್ತರು. ಚಕ್ರದ ಕೆಳಗೆ ಹಳಿ ಮುನ್ನೂರಕ್ಕೂ ಹೆಚ್ಚು ಚೂರುಗಳಾಗಿತ್ತು. ಹಳಿಯಲ್ಲಿ ಸೂಕ್ಷ್ಮ ಬಿರುಕುಗಳಿರುವುದು ಮೊದಲೇ ತಿಳಿದಿತ್ತು. ಬದಲಿ ಹಳಿಯನ್ನು ತಂದು ತಿಂಗಳುಗಳ ಹಿಂದೆಯೇ ಅದೇ ಜಾಗದ ಪಕ್ಕದಲ್ಲಿ ಇಟ್ಟಿದ್ದರು. ಹಾಕಿರಲಿಲ್ಲ, ಅಷ್ಟೆ. ಹಳಿಯ ಒಡೆತನ ರೈಲ್‌ಟ್ರ್ಯಾಕ್ ಕಂಪನಿಯದು, ನಿರ್ವಹಣೆಯ ಗುತ್ತಿಗೆ ಬ್ಯಾಲ್‌ಫರ್ ಬೀಟಿಯದು. 2005ರಲ್ಲಿ ಸುರಕ್ಷತಾ ಕಾಯ್ದೆಯ ಉಲ್ಲಂಘನೆಗಾಗಿ ಎರಡೂ ಕಡೆಗೆ ದೊಡ್ಡ ದಂಡ ಬಿತ್ತು. ಇಬ್ಬರ ನಡುವೆ ಜವಾಬ್ದಾರಿ ಹಂಚಿದರೆ ಅರ್ಧರ್ಧ ಆಗುವುದಿಲ್ಲ, ಇಬ್ಬರ ಬಳಿಯೂ ಇಲ್ಲದಂತಾಗುತ್ತದೆ ಎಂದು ಗುತ್ತಿಗೆ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ಅಪಘಾತದ ನಂತರ ಎಲ್ಲೆಲ್ಲಿ ಇಂಥ ಬಿರುಕಿದೆಯೋ ಯಾರಿಗೂ ಖಚಿತವಿಲ್ಲದೆ ದೇಶದ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ಕಡೆ ರೈಲಿನ ವೇಗ ಇಳಿಸಬೇಕಾಯಿತು. ಹಳಿಯನ್ನು ನಡೆದು ನೋಡಿ ಬಲ್ಲವರು ಹಣ ತೆಗೆದುಕೊಂಡು ಹೊರಟುಹೋಗಿದ್ದರಲ್ಲ! 2001ರ ಅಕ್ಟೋಬರಿನಲ್ಲಿ ರೈಲ್‌ಟ್ರ್ಯಾಕ್ ದಿವಾಳಿಯ ಆಡಳಿತಕ್ಕೆ ಹೋಯಿತು. ಅದರ ಜಾಗಕ್ಕೆ ಬಂದ ನೆಟ್‌ವರ್ಕ್ ರೈಲ್ ಸಂಸ್ಥೆ 2003ರಲ್ಲಿ ನಿರ್ವಹಣೆಯ ಕೆಲಸವನ್ನು ಗುತ್ತಿಗೆದಾರರಿಂದ ಹಿಂದಕ್ಕೆ ಪಡೆಯುವ ತೀರ್ಮಾನ ಮಾಡಿತು. ಕಾರ್ಮಿಕ ಸಂಘಗಳು ಮೊದಲ ದಿನದಿಂದ ಹೇಳುತ್ತಿದ್ದುದನ್ನೇ ಎಂಟು ಹತ್ತು ವರ್ಷಗಳ ನಂತರ, ಅಷ್ಟು ಹೆಣಗಳ ನಂತರ, ಆಡಳಿತದವರು ಉಳಿತಾಯದ ಕ್ರಮ ಎಂದು ಜಾರಿಗೆ ತಂದರು. ಆ ಹೊತ್ತಿಗೂ ಎಲ್ಲ ಮುಗಿದಿರಲಿಲ್ಲ. 2004ರ ಫೆಬ್ರವರಿ 15ರ ನಸುಕಿನಲ್ಲಿ ಟೀಬೇ ಎಂಬಲ್ಲಿ ಬ್ರೇಕು ಕಿತ್ತ ಗಾಡಿಯೊಂದು ಇಳಿಜಾರಿನಲ್ಲಿ ಮೈಲಿಗಟ್ಟಲೆ ಕತ್ತಲಲ್ಲಿ ಉರುಳಿ ಬಂದು ಹಳಿಯ ಮೇಲೆ ಕೆಲಸ ಮಾಡುತ್ತಿದ್ದ ನಾಲ್ವರನ್ನು ಕೊಂದಿತು. ಗಾಡಿ ಒಬ್ಬ ಗುತ್ತಿಗೆದಾರನದು.

ಇನ್ನು ಚಿತ್ರದ ದೋಷಗಳು. ಆಡಳಿತದವರನ್ನು ಲೋಚ್ ತೀರ ಸುಲಭವಾಗಿ ಗೇಲಿಗೆ ಒಪ್ಪಿಸುತ್ತಾರೆ. ಸೂಟು ತೊಟ್ಟವರೆಲ್ಲ ಪೆದ್ದರಂತೆ ಕಾಣುತ್ತಾರೆ. ಅವರು ಪೆದ್ದರಾಗಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಹೆಂಗಸರು ಬಾಗಿಲಲ್ಲಿ ನಿಂತು ದುಡ್ಡಿನ ಬಗ್ಗೆ ಕೇಳುವುದಕ್ಕಷ್ಟೇ ಬರುತ್ತಾರೆ. ಮನೆಯ ಲೆಕ್ಕ ಹಿಡಿದವಳಿಗೆ ಖಾಸಗೀಕರಣ ಎಂದರೇನು ಎಂದು ಹೇಳಲು ಇನ್ನೊಂದು ಇಡೀ ಚಿತ್ರ ಬೇಕಾಗಿತ್ತು. ಎಲ್ಲಕ್ಕಿಂತ ನನಗೆ ಕೊರತೆ ಎನಿಸಿದ್ದು ಜೆರ್ರಿಯ ಪಾತ್ರ. ಆತ ಡಿಪೋದ ಸಂಘದ ಪ್ರತಿನಿಧಿ. ಒಪ್ಪಂದದ ಕಾಗದ ಹಿಡಿದು, ನಿಯಮದ ಸಂಖ್ಯೆ ಹೇಳಿ ವಾದಿಸುತ್ತಾನೆ. ಒಳ್ಳೆಯವನು. ಆದರೆ ಗ್ಯಾಂಗಿನವರಿಗೂ ಸ್ವಲ್ಪ ತಮಾಷೆಯ ವಸ್ತು. ಅವನ ಹಿಂದೆ ಸಂಘ ಎಂಬ ದೊಡ್ಡ ದೇಹ ಇದೆ ಎಂದು ನಮಗೆ ಅನಿಸುವುದೇ ಇಲ್ಲ. ಆತ ಒಂಟಿ. ಎಲ್ಲರೂ ಹೊರಟುಹೋದ ಮೇಲೂ ನಿಯಮಪುಸ್ತಕ ಹಿಡಿದು ಉಳಿದವನು. ಸಂಘದ ಸೋಲನ್ನು ತೋರಿಸಲು ಇದು ಸಾಕು. ಸಂಘ ಯಾಕೆ ಸೋತಿತು ಎಂಬುದಕ್ಕೆ ಸಾಲದು.

ಈ ತಪ್ಪು ಲೋಚ್ ಒಬ್ಬರದಲ್ಲ, ನನ್ನದೂ ಹೌದು. ನಾನು ಬರೆದ ಎರಡು ಕಥೆಗಳಲ್ಲಿ ಸಂಘದ ನಾಯಕ ಬರುತ್ತಾನೆ. ಒಂದರಲ್ಲಿ ಮಾಲೀಕನಿಗೆ ಮಾರಿಕೊಂಡಿದ್ದಾನೆ, ಇನ್ನೊಂದರಲ್ಲಿ ಹುತಾತ್ಮನಾಗುತ್ತಾನೆ. ನಮ್ಮ ಸಿನಿಮಾಗಳಲ್ಲೂ ಇವೆರಡೇ ಜಾತಿ. ದಿನವೂ ಅರ್ಜಿ ಬರೆದು, ರಜೆ ಮಂಜೂರು ಮಾಡಿಸಿ, ಬಡ್ತಿಯ ಪಟ್ಟಿ ನೋಡಿ, ವಿಧವೆಗೆ ಪಿಂಚಣಿ ಕೊಡಿಸಲು ಓಡಾಡುವ ಮೂರನೆಯವನು ಇದ್ದಾನೆ. ಅವನನ್ನು ಯಾರೂ ಬರೆದದ್ದು ಕಾಣೆ. ನಿರಂಜನರು 'ಚಿರಸ್ಮರಣೆ'ಯಲ್ಲಿ ಕಯ್ಯೂರಿನ ರೈತರನ್ನು ಬರೆದರು, ಅದು ಬೇರೆ ಕಾಲದ ಬೇರೆ ಹೋರಾಟ. ಹೈದರಾಬಾದಿನ ಮಖ್ದೂಮ್ ಮೊಹಿಯುದ್ದೀನ್ ಕವಿಯೂ ಹೌದು, ಕಾರ್ಮಿಕ ಸಂಘಗಳ ನಾಯಕರೂ ಹೌದು. ನಮ್ಮ ಉರ್ದು ಮೇಷ್ಟ್ರು ಅವರ ಪ್ರೇಮ ಕವಿತೆಗಳನ್ನು ಮಾತ್ರ ಪಾಠ ಮಾಡಿದರು.

ಇನ್ನೊಂದು ಪ್ರಶ್ನೆಯನ್ನು ಚಿತ್ರ ಮುಟ್ಟುವುದೇ ಇಲ್ಲ. ಸಾರ್ವಜನಿಕ ಸೇವೆಯನ್ನು, ಊರಿನ ಉದ್ಯೋಗಗಳನ್ನು ಉಳಿಸಿ ಎಂದು ಸಂಘ ಕೂಗುವಾಗ ಊರಿನವರು ಎಂದರೆ ಯಾರು? ಇದನ್ನು ನಮ್ಮಂಥವರು ಕೇಳದೆ ಇರಲಾಗದು. 1966ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ ಡೊಮಿನಿಕಾ ದ್ವೀಪದ ಆಸ್ಕ್ವಿತ್ ಝೇವಿಯರ್‌ಗೆ ಕೆಲಸ ಸಿಗಲಿಲ್ಲ. ಕಪ್ಪು ಜನರನ್ನು ಅಲ್ಲಿಗೆ ಸೇರಿಸಬಾರದೆಂಬ ಬಾಯಿ ಮಾತಿನ ಕಟ್ಟಳೆ ಇತ್ತು, ಅದಕ್ಕೆ ಅಲ್ಲಿನ ಕಾರ್ಮಿಕ ಪ್ರತಿನಿಧಿಗಳ ಬೆಂಬಲವಿತ್ತು. ಗದ್ದಲವಾಗಿ ಆ ಜುಲೈನಲ್ಲಿ ಕಟ್ಟಳೆ ಮುರಿಯಿತು. ಅದಕ್ಕೂ ಮೂರು ವರ್ಷ ಮೊದಲು, 1963ರಲ್ಲಿ, ಬ್ರಿಸ್ಟಲ್ ನಗರದ ಬಸ್ಸುಗಳಲ್ಲಿ ಏಷ್ಯದವರನ್ನೂ ಕಪ್ಪು ಜನರನ್ನೂ ಕಂಡಕ್ಟರಾಗಿ ತೆಗೆದುಕೊಳ್ಳುವುದಿಲ್ಲ ಎಂದಾಗ ಊರವರು ನಾಲ್ಕು ತಿಂಗಳು ಬಸ್ಸು ಬಹಿಷ್ಕರಿಸಿದರು. ಅಲ್ಲಿಯೂ ಸ್ಥಳೀಯ ಸಂಘ ನಿಂತದ್ದು ತಡೆಯ ಪರವಾಗಿ. ಬಸ್ಸು ಸರ್ಕಾರಿ ಒಡೆತನದ್ದೇ. ತಡೆ ಮುರಿದ ಮೇಲೆ ಸೇರಿದ ಮೊದಲ ಕಂಡಕ್ಟರ್ ಒಬ್ಬ ಸಿಖ್. ಸಾರ್ವಜನಿಕ ಎಂಬ ಹಲಗೆ ಹಾಕಿದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿರುವುದಿಲ್ಲ ಎಂದು ನಾವು ಬಲ್ಲೆವು.

ಆದರೆ ಅದೇ ದೇಶದ ಇನ್ನೊಂದು ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. 1976ರಲ್ಲಿ ಲಂಡನ್ನಿನ ಗ್ರನ್‌ವಿಕ್ ಎಂಬ ಫೋಟೋ ತೊಳೆಯುವ ಕಾರ್ಖಾನೆಯಿಂದ ಜಯಾಬೆನ್ ದೇಸಾಯಿ ಮತ್ತು ಸಂಗಡಿಗರು, ಹೆಚ್ಚಿನವರು ಗುಜರಾತಿ ಮೂಲದ ಹೆಂಗಸರು, ಹೊರನಡೆದು ಮುಷ್ಕರ ಹೂಡಿದರು. ಆ ಕಾರ್ಖಾನೆ ನಡೆಯುತ್ತಿದ್ದುದು ಅಂಚೆಯಿಂದ. ಗಿರಾಕಿಗಳು ಫಿಲ್ಮ್ ಸುರುಳಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಕ್ರಿಕಲ್‌ವುಡ್‌ನ ಅಂಚೆ ನೌಕರರು ಆ ಟಪಾಲನ್ನು ಮುಟ್ಟುವುದಿಲ್ಲ ಎಂದರು. ಯಾರ್ಕ್‌ಶೈರಿನಿಂದ ಗಣಿ ಕಾರ್ಮಿಕರು ಬಸ್ಸು ಮಾಡಿಕೊಂಡು ಬಂದು ಸೀರೆಯುಟ್ಟ ಹೆಂಗಸರ ಪಕ್ಕದಲ್ಲಿ ನಿಂತರು. ಎರಡು ವರ್ಷ ನಡೆದು ಮುಷ್ಕರ ಸೋತಿತು. ಲೋಚ್ ಅವರ ಗ್ಯಾಂಗಿನವರು ಅದೇ ಯಾರ್ಕ್‌ಶೈರಿನವರು, ಈ ನೆನಪು ಅವರ ಬೆಂಚಿನ ಮೇಲೆ ಒಮ್ಮೆಯಾದರೂ ಬಂದು ಕೂರಬಹುದಿತ್ತು.

ಸ್ಥಳೀಯ ಎಂಬ ಶಬ್ದ ನಮ್ಮ ರಾಜ್ಯದಲ್ಲೂ ಸರಳವಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಗಲಾಟೆಗೆ ಎರಡೇ ದಿನದಲ್ಲಿ ತಡೆಹಿಡಿಯಿತು. ಕನ್ನಡ ಓದಲು ಬರೆಯಲು ಬರಬೇಕು ಎಂಬುದು ಅದರ ಒಂದು ಷರತ್ತು. ನನಗೆ ಅದು ನ್ಯಾಯವೆಂದೇ ತೋರುತ್ತದೆ. ಆದರೂ ಉರ್ದು ಶಾಲೆಯಲ್ಲಿ ಏಳನೆಯ ತರಗತಿಗೇ ಓದು ಬಿಟ್ಟು ಗ್ಯಾರೇಜು ಸೇರಿದ ನನ್ನ ಕೇರಿಯ ಹುಡುಗರ ಮುಖ ಆ ಸುದ್ದಿ ಓದುವಾಗ ಕಣ್ಣ ಮುಂದೆ ಬಂತು. ನಾಲ್ಕು ತಲೆಮಾರು ಇದೇ ಊರಿನಲ್ಲಿ ಮಣ್ಣಾದವರ ಮಕ್ಕಳು. ಪರೀಕ್ಷೆ ಇಟ್ಟರೆ ಅವರಲ್ಲಿ ಎಷ್ಟು ಮಂದಿ ಸ್ಥಳೀಯರಾದಾರು?

ನಮ್ಮ ರೈಲ್ವೆ ಇಂದಿಗೂ ಸರ್ಕಾರದ್ದೇ. 1974ರ ಮೇ 8ರಿಂದ 27ರವರೆಗೆ ದೇಶದ ರೈಲು ನೌಕರರು ಹೂಡಿದ ಮುಷ್ಕರವನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್. ಸಾವಿರಾರು ಜನ ಜೈಲಿಗೆ ಹೋದರು, ಬೇಡಿಕೆ ಈಡೇರದೆ ಮುಷ್ಕರ ನಿಂತಿತು. ಆ ದಿನಗಳ ಬಗ್ಗೆ ಮಾಮು ಹೆಚ್ಚು ಮಾತಾಡುತ್ತಿರಲಿಲ್ಲ. ಫೆರ್ನಾಂಡಿಸ್ ಮುಂದೆ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಸರ್ಕಾರಿ ಒಡೆತನ ಇದ್ದರೆ ಹಳಿಯ ಮೇಲಿನವನು ಸುರಕ್ಷಿತ ಎಂದು ಭಾವಿಸುವುದು ಬೇಡ. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ 2007–08ರಿಂದ 2011ರ ಅಕ್ಟೋಬರಿನ ತನಕ ಸುಮಾರು 1,600 ರೈಲ್ವೆ ಸಿಬ್ಬಂದಿ ಕೆಲಸದಲ್ಲಿರುವಾಗ ಸತ್ತಿದ್ದರು. ಇದರಲ್ಲಿ ಪ್ರಯಾಣಿಕರ ಲೆಕ್ಕವಿಲ್ಲ. ಒಡೆತನದ ಪ್ರಶ್ನೆ ಮುಗಿದ ಮೇಲೂ ಬಾವುಟದವನ ಪ್ರಶ್ನೆ ಉಳಿದಿರುತ್ತದೆ. ಅದನ್ನು ಕೇಳಲು ಸಂಘ ಬೇಕು.

ಕೇಳಿದರೆ ಏನಾದೀತು ಎಂಬುದಕ್ಕೆ ಇತ್ತೀಚಿನ ಒಂದು ಉದಾಹರಣೆ ಅದೇ ಬ್ರಿಟನ್ನಿನಲ್ಲಿದೆ. 2023ರ ಜುಲೈ 5ರಂದು ಇಂಗ್ಲೆಂಡಿನ ರೈಲು ಕಂಪನಿಗಳು ನಿಲ್ದಾಣಗಳ ಟಿಕೆಟ್ ಕೌಂಟರುಗಳನ್ನು ಮುಚ್ಚುವ ಯೋಜನೆ ಪ್ರಕಟಿಸಿದವು. ಸುಮಾರು ಒಂದು ಸಾವಿರ ಕೌಂಟರುಗಳಲ್ಲಿ ಹೆಚ್ಚಿನವು ಹೋಗಬೇಕಿತ್ತು. ಕಂಪನಿಗಳ ವಾದ ಸರಳ: ನೂರಕ್ಕೆ ಹನ್ನೆರಡು ಟಿಕೆಟುಗಳಷ್ಟೇ ಈಗ ಕೌಂಟರಿನಲ್ಲಿ ಮಾರಾಟವಾಗುತ್ತವೆ, ಉಳಿದದ್ದೆಲ್ಲ ಮೊಬೈಲು ಮತ್ತು ಯಂತ್ರ. ಜನಾಭಿಪ್ರಾಯಕ್ಕೆ ಇಪ್ಪತ್ತೊಂದು ದಿನ. ಆರ್‌ಎಂಟಿ ಮತ್ತು ಟಿಎಸ್‌ಎಸ್‌ಎ ಸಂಘಗಳು ಇದನ್ನು ನಮ್ಮ ನೌಕರಿ ಹೋಗುತ್ತದೆ ಎಂಬ ಒಂದೇ ರಾಗದಲ್ಲಿ ಎತ್ತಲಿಲ್ಲ. ನಿಲ್ದಾಣದ ಹೊರಗೆ ನಿಂತು ಪ್ರಯಾಣಿಕರನ್ನು ಕೇಳಿದರು: ನಿಮಗೆ ಯಾರು ಸಹಾಯ ಮಾಡುತ್ತಾರೆ? ಕಣ್ಣು ಕಾಣದವರಿಗೆ ಯಂತ್ರದ ಪರದೆ ಏನು ಉಪಯೋಗ? ಗಾಲಿಕುರ್ಚಿಯವರಿಗೆ ಹಲಗೆ ಹಾಕುವವರು ಯಾರು? ನಗದು ಮಾತ್ರ ಇರುವ ಮುದುಕಿ ಎಲ್ಲಿಗೆ ಹೋಗಬೇಕು? ಅಂಗವಿಕಲರ ಸಂಘಟನೆಗಳು ಜೊತೆ ಸೇರಿದವು, ಕಾನೂನು ಕ್ರಮದ ಎಚ್ಚರಿಕೆಯೂ ಹೋಯಿತು. ಗಡುವನ್ನು ಸೆಪ್ಟೆಂಬರ್ 1ಕ್ಕೆ ವಿಸ್ತರಿಸಬೇಕಾಯಿತು. ಏಳೂವರೆ ಲಕ್ಷ ಜನ ಉತ್ತರ ಬರೆದರು. ಅಕ್ಟೋಬರ್ 31ರಂದು ಪ್ರಯಾಣಿಕರ ಹಿತ ನೋಡುವ ಸಂಸ್ಥೆಗಳು ಯೋಜನೆಗೆ ಆಕ್ಷೇಪಣೆ ಸಲ್ಲಿಸಿದವು, ಅದೇ ದಿನ ಸರ್ಕಾರ ಕಂಪನಿಗಳಿಗೆ ಅದನ್ನು ಹಿಂತೆಗೆದುಕೊಳ್ಳಲು ಹೇಳಿತು.

ಇವರು ಪ್ರಯಾಣಿಕರ ಹೆಸರು ಹೇಳಿ ತಮ್ಮ ನೌಕರಿ ಉಳಿಸಿಕೊಂಡರು ಎಂದು ಆಗ ಕೆಲವು ಪತ್ರಿಕೆಗಳು ಬರೆದವು. ಉಳಿಸಿಕೊಂಡರು, ನಿಜ. ಅದರಲ್ಲಿ ನಾಚಿಕೆಯ ಮಾತೇನಿದೆ? ಗುಮಾಸ್ತನ ಸಂಬಳವೂ ಕುರುಡನ ಟಿಕೆಟೂ ಒಂದೇ ಕಿಟಕಿಯಲ್ಲಿವೆ. ನೂರಕ್ಕೆ ಹನ್ನೆರಡು ಎಂಬ ಲೆಕ್ಕ ಸುಳ್ಳಲ್ಲ. ಆ ಹನ್ನೆರಡು ಯಾರದು ಎಂದು ಲೆಕ್ಕದವರು ಕೇಳಿರಲಿಲ್ಲ, ಸಂಘದವರು ಕೇಳಿದರು. ಡಾಬರ್ ಅವರ ಜೆರ್ರಿಗೆ ಬಾರದೆ ಹೋದದ್ದು ಇದು. ಅವನು ಆಡಳಿತದವರಿಗೆ ನಿಯಮ ಓದಿ ಹೇಳಿದ, ಗ್ಯಾಂಗಿನವರಿಗೆ ಓದಿ ಹೇಳಿದ. ಬೇಲಿಯ ಆಚೆ ರೈಲಿನಲ್ಲಿ ಕುಳಿತಿದ್ದವರ ಕಡೆಗೆ ತಿರುಗಲಿಲ್ಲ. ರೈಲಿನೊಳಗಿನವರೂ ಕಿಟಕಿಯಿಂದ ಅವನನ್ನು ನೋಡಲಿಲ್ಲ. ಚಿತ್ರದ ಇಡೀ ಒಂದೂವರೆ ಗಂಟೆಯಲ್ಲಿ ಪ್ರಯಾಣಿಕರಿಗೆ ಜಾಗವೇ ಇಲ್ಲ. ಎರಡನೆಯ ಸಲ ನೋಡುವಾಗ ನಾನು ಅದನ್ನು ಗಮನಿಸಿದೆ. ರೈಲು ಬರುತ್ತದೆ, ಬೆಳಕಿನ ಕಿಟಕಿಗಳ ಸಾಲು ಹಾದುಹೋಗುತ್ತದೆ. ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ.

ಮಾಮು ತೀರಿಕೊಂಡು ಈಗ ಹತ್ತು ವರ್ಷ. ಅವರ ಮಗನಿಗೆ ಈ ಸಲ ಚಿತ್ರ ತೋರಿಸಿದೆ. ಅವನು ಒಂದು ಕಂಪನಿಯ ಗೋದಾಮಿನಲ್ಲಿ ಗುತ್ತಿಗೆಯ ಕೆಲಸಗಾರ. ಫೋನಿಗೆ ಸಂದೇಶ ಬಂದ ದಿನ ಕೆಲಸ. ಮಿಕ್‌ಗೆ ಕರೆ ಬರುವುದು ನಿಲ್ಲುವಲ್ಲಿ ಅವನು ನಕ್ಕ. ಉಪಕರಣ ಒಡೆಯುವ ದೃಶ್ಯದಲ್ಲಿ ಅವನಪ್ಪ ಎದ್ದು ನಿಂತದ್ದನ್ನು ಹೇಳಿದೆ. ಅವನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಹಿಂತಿರುಗಿ ಬಂದ ಸಾಮಾನನ್ನು ತಮ್ಮಲ್ಲೂ ಒಮ್ಮೊಮ್ಮೆ ಹಾಗೇ ಒಡೆಸುತ್ತಾರೆ ಎಂದು ಹೇಳಿ, ಫೋನು ತೆಗೆದು ನಾಳೆಗೆ ಕೆಲಸ ಇದೆಯೇ ಎಂದು ನೋಡಿದ.